ಮೈಲಿಗಲ್ಲಿನ ಮೇಲೆ ಯಾರ ಹೆಸರು?

ಓದುಗರ ಪತ್ರ, ಸ್ವಲ್ಪ ಕತ್ತರಿಸಿ:

"ಸಂಪಾದಕರಿಗೆ ನಮಸ್ಕಾರ. ವರ್ಷದ ಕೊನೆಗೆ ಮನೆಯ ಸುದ್ದಿಯನ್ನೆಲ್ಲ ಒಂದು ಕಾಗದದಲ್ಲಿ ಬರೆದು ನೆಂಟರಿಗೆ, ಹಳೆಯ ಸ್ನೇಹಿತರಿಗೆ ಕಳಿಸುವುದು ನನ್ನ ಅಭ್ಯಾಸ. ಈ ಸಲ ಹೇಳುವುದು ಬೇಕಾದಷ್ಟಿತ್ತು. 8 ವರ್ಷ ಮನೆಯಲ್ಲಿದ್ದ ನಾನು ಮತ್ತೆ ಕೆಲಸಕ್ಕೆ ಸೇರಿದೆ. ನಮ್ಮವರಿಗೆ ಹೊಸ ಕೆಲಸ ಸಿಕ್ಕಿತು. ಮಗಳು ಹೈಸ್ಕೂಲಿಗೆ ಹೋದಳು, ಮಗ ಒಂದನೇ ಕ್ಲಾಸಿಗೆ. ಮಾವನವರು ನಮ್ಮ ಜೊತೆ ಇರಲು ಬಂದರು. 4 ಪುಟ ಆಯಿತು. ಕೊನೆಯಲ್ಲಿ ಎಲ್ಲರಿಗೂ ಕೃತಜ್ಞತೆಗಳು ಅಂತಲೂ ಬರೆದೆ. ಮಗಳು ಓದಿ, 'ಅಮ್ಮ, ಇದು ಬಯೋಡೇಟಾ ಥರ ಇದೆ' ಅಂದಳು. ಅವತ್ತಿನಿಂದ ಕಳಿಸಲು ಮನಸ್ಸೇ ಬರುತ್ತಿಲ್ಲ. ಜಂಬ ಅನಿಸಬಾರದು, ನಾಟಕ ಅನಿಸಬಾರದು. ಆದರೆ ಈ ವರ್ಷಕ್ಕೆ ಥ್ಯಾಂಕ್ಸ್ ಹೇಳಲೇಬೇಕು ಅನಿಸಿದೆ. ಹೇಗೆ ಬರೆಯಲಿ? ಕರಡು ಜೊತೆಗಿಟ್ಟಿದ್ದೇನೆ. ಹೆಸರು ಹಾಕಬೇಡಿ."

ನಮಸ್ಕಾರ.

ನಿಮ್ಮ ಕರಡನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ನಾನು ಪೂರ್ತಿ ಮಗಳ ಪಕ್ಷ. ಎರಡನೇ ಸಲ ಓದಿ ಮಡಚಿಡುವಾಗ ಕೊನೆಯ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಗೀಚಿದ ಕೆಲವು ಸಾಲು ಕಂಡವು. ಅವು ನನಗೆ ಬರೆದವಲ್ಲ ಅನ್ನುವುದು ಗೊತ್ತಾಗುತ್ತದೆ. ಮರೆಯಬಾರದು ಅಂತ ನಿಮಗೆ ನೀವೇ ಬರೆದುಕೊಂಡದ್ದು. ಫೋನ್ ಮಾಡಿ ಕೇಳಿದಾಗ ನೀವು ಸ್ವಲ್ಪ ಸಂಕೋಚದಿಂದಲೇ ಹೂಂ ಅಂದಿರಿ. ಹಾಗಾಗಿ ಇಲ್ಲಿ ಹಾಕುತ್ತಿದ್ದೇನೆ:

"ಹಲ್ಲು – ಸ್ಕೂಲಿನ ದಾರಿಯಲ್ಲಿ ಬಿದ್ದದ್ದು. ನಾವಿಬ್ಬರೂ ಇರಲಿಲ್ಲ. ಮಾವ ಕರ್ಚೀಫಿನಲ್ಲಿ ಗಂಟು ಹಾಕಿ ಸಂಜೆವರೆಗೂ ಜೇಬಿನಲ್ಲೇ ಇಟ್ಟುಕೊಂಡಿದ್ದರು. ನಾನು ಬಂದ ತಕ್ಷಣ ಕೊಟ್ಟರು. ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ."

ಇದೇ ಸಂಗತಿ ಕರಡಿನ ಮೂರನೇ ಪುಟದಲ್ಲಿ ಹೀಗಿದೆ: "ಮಗನ ಮೊದಲ ಹಲ್ಲು ಬಿತ್ತು, ಸೈಕಲ್ ಕಲಿತ, ತಾನೇ ಓದಲು ಶುರು ಮಾಡಿದ." ಮೂರು ಸುದ್ದಿ, ನಡುವೆ ಎರಡು ಅಲ್ಪವಿರಾಮ. ಸುಳ್ಳೇನೂ ಇಲ್ಲ. ಆದರೆ ಈ ಸಾಲು ಆರೇಳು ವರ್ಷದ ಯಾವ ಮಗುವಿಗೆ ಬೇಕಾದರೂ ಹೊಂದುತ್ತದೆ, ಅಲ್ವಾ? ಪೆನ್ಸಿಲ್ಲಿನ ಸಾಲು ನಿಮ್ಮ ಮನೆಯದು ಮಾತ್ರ. ಆ ಗಂಟು ಬೇರೆ ಯಾರ ಮನೆಯಲ್ಲೂ ಇಲ್ಲ.

ಕರಡಿನಲ್ಲಿ 'ಮೈಲಿಗಲ್ಲು' ಎಂಬ ಮಾತು 7 ಸಲ ಬಂದಿದೆ. ಎಣಿಸಿದೆ, ಕ್ಷಮಿಸಿ, ಇದು ಸಂಪಾದಕರಿಗೆ ಅಂಟುವ ಚಟ. ಆ ಕಲ್ಲಿನ ಕತೆ ಸ್ವಲ್ಪ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಅದರಲ್ಲೇ ಉತ್ತರ ಇದೆ ಅಂತ ನನ್ನ ಭಾವನೆ. ಮೈಲಿ ಅನ್ನುವ ಮಾತು ಹುಟ್ಟಿದ್ದು ರೋಮನ್ನರ ಲ್ಯಾಟಿನ್‌ನಿಂದ. ಸಾವಿರ ಹೆಜ್ಜೆ ಅಂತ ಅರ್ಥ. ಅವರ ಲೆಕ್ಕದಲ್ಲಿ ಎಡಗಾಲು, ಬಲಗಾಲು ಎರಡೂ ಸೇರಿ ಒಂದು ಹೆಜ್ಜೆ. ಹಾಗಾಗಿ ಒಂದು ಮೈಲಿಗೆ ಸುಮಾರು 1,480 ಮೀಟರ್. ರಸ್ತೆಬದಿಯಲ್ಲಿ ಮೈಲಿಗೊಂದು ಕಂಬದಂಥ ಕಲ್ಲು ನೆಡುತ್ತಿದ್ದರು. ಕ್ರಿ.ಪೂ. 20ರಲ್ಲಿ ಆಗಸ್ಟಸ್ ಚಕ್ರವರ್ತಿ ರೋಮ್ ನಗರದ ನಡುಮಧ್ಯೆ 'ಚಿನ್ನದ ಮೈಲಿಗಲ್ಲು' ಅಂತಲೇ ಒಂದನ್ನು ನಿಲ್ಲಿಸಿದ. ಚಕ್ರವರ್ತಿಗಳ ಕಾಲದ ಆ ಕಲ್ಲುಗಳ ಮೇಲೆ ದೂರ ಎಷ್ಟು ಎಂಬುದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತಿದ್ದದ್ದು ಚಕ್ರವರ್ತಿಯ ಹೆಸರು ಮತ್ತು ಅವನ ಬಿರುದುಗಳು. ಮಣ್ಣು ಅಗೆದು, ಕಲ್ಲು ಹೊತ್ತು ರಸ್ತೆ ಮಾಡಿದವರಲ್ಲಿ ಸೈನಿಕರು ಬಹಳ ಮಂದಿ ಇದ್ದರು. ಅವರ ಒಬ್ಬೊಬ್ಬರ ಹೆಸರು ಬರೆಯಲು ಕಲ್ಲಿನಲ್ಲಿ ಜಾಗ ಎಲ್ಲಿ?

ನಿಮ್ಮ 4 ಪುಟಗಳಲ್ಲೂ ಆಗಿರುವುದು ಅದೇ. ಪ್ರತಿ ಕಲ್ಲಿನ ಮೇಲೂ ಗೆದ್ದವರ ಹೆಸರಿದೆ. ನಾನು ಸೇರಿದೆ, ಅವರಿಗೆ ಸಿಕ್ಕಿತು, ಅವಳು ಪಾಸಾದಳು, ಅವನು ಕಲಿತ. ಕ್ರಿಯಾಪದಗಳೆಲ್ಲ ಸರಿಯಾಗಿವೆ. ರಸ್ತೆ ಮಾಡಿದವರು ಮಾತ್ರ ಕೊನೆಯ ಸಾಲಿನಲ್ಲಿ, 'ಎಲ್ಲರಿಗೂ' ಎಂಬ ಒಂದೇ ಪದದೊಳಗೆ ಒತ್ತಿಕೊಂಡು ನಿಂತಿದ್ದಾರೆ.

ಆ 'ಎಲ್ಲರಿಗೂ' ಬಗ್ಗೆ ನನಗೊಂದು ಹಳೆಯ ನಾಚಿಕೆ ಇದೆ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಪತ್ರಿಕೆಯ ವರ್ಷದ ಕೊನೆಯ ಸಂಚಿಕೆಗೆ ಧನ್ಯವಾದದ ಪುಟ ಬರೆದಿದ್ದೆ. ಲೇಖಕರು, ಓದುಗರು, ಚಿತ್ರ ಬರೆದವರು, ಜಾಹೀರಾತು ಕೊಟ್ಟವರು, ಯಾರನ್ನೂ ಬಿಟ್ಟಿರಲಿಲ್ಲ. ಕೊನೆಯಲ್ಲಿ 'ಎಲ್ಲರಿಗೂ ನಮ್ಮ ಕೃತಜ್ಞತೆಗಳು' ಅಂತ ಬರೆಯುವ ಕಡೆ ಅಚ್ಚಾಗಿ ಬಂದದ್ದು 'ಕೃತಘ್ನತೆಗಳು' ಅಂತ. ಉಪಕಾರ ನೆನೆಯುವವನು ಕೃತಜ್ಞ, ಉಪಕಾರ ಮರೆಯುವವನು ಕೃತಘ್ನ. ಒಂದು ಒತ್ತಕ್ಷರದ ವ್ಯತ್ಯಾಸ. ಕರಡು ತಿದ್ದುವ ಹಿರಿಯರೊಬ್ಬರು ಅದನ್ನು ಹಿಡಿದು, ಕೆಂಪು ಶಾಯಿಯಲ್ಲಿ ಸರಿ ಮಾಡಿ, ಏನೂ ಮಾತಾಡದೆ ಮೇಜಿನ ಮೇಲೆ ಇಟ್ಟು ಹೋದರು. ಸಂಚಿಕೆ ಅಚ್ಚಾಗಿ ಬಂದ ಮೇಲೆ ನನಗೆ ಹೊಳೆಯಿತು. ಆ ಪುಟದಲ್ಲಿ ಕರಡು ತಿದ್ದುವವರ ಹೆಸರೇ ಇರಲಿಲ್ಲ. ಅಂದರೆ ಮೊದಲು ಅಚ್ಚಾಗಿದ್ದೇ ಸರಿ ಇತ್ತು.

ಇರಲಿ, ನಿಮ್ಮ ವಿಷಯಕ್ಕೆ ಬರುತ್ತೇನೆ.

ಕರಡಿನ ಒಂದನೇ ಪುಟದಲ್ಲಿ ನೀವು ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದ ಸುದ್ದಿ ಇದೆ. ಎರಡನೇ ಪುಟದಲ್ಲಿ ಈ ವಾಕ್ಯ: "ವರ್ಷದ ಮೊದಲ ಭಾಗದಲ್ಲಿ ನಮ್ಮವರು ಕೆಲವು ತಿಂಗಳು ಮಕ್ಕಳೊಂದಿಗೆ ಅಮೂಲ್ಯ ಸಮಯ ಕಳೆದರು." ಅಮೂಲ್ಯ ಎಂಬ ಪದ ಕಂಡರೆ ನನ್ನ ಪೆನ್ನು ತಾನಾಗಿಯೇ ಮೇಲೇಳುತ್ತದೆ. ನನಗೆ ಬರೆದ ಬೇರೆ ಚೀಟಿಯಲ್ಲಿ ನೀವೇ ನಿಜ ಹೇಳಿದ್ದೀರಿ. ಮಾರ್ಚ್‌ನಲ್ಲಿ ಅವರ ಕೆಲಸ ಹೋಯಿತು. ಆಗಸ್ಟ್‌ವರೆಗೆ ಸಿಗಲಿಲ್ಲ. ಈಗ ಆ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಾರ್ಚ್ ಆದ ಮೇಲೆ ಏಪ್ರಿಲ್. ನೀವು ಕೆಲಸಕ್ಕೆ ಹೊರಟದ್ದು ಅವರ ಕೆಲಸ ಹೋದದ್ದಕ್ಕೆ. ನೀವು ಹೋಗಲು ಆದದ್ದು ಅವರು ಮನೆಯಲ್ಲಿ ಇದ್ದದ್ದಕ್ಕೆ. ಆಗಸ್ಟ್‌ನಲ್ಲಿ ಅವರು ಹೊರಡಲು ಆದದ್ದು ಜುಲೈನಲ್ಲಿ ಮಾವನವರು ಬಂದದ್ದಕ್ಕೆ. ಬೆಳಿಗ್ಗೆ ಹುಡುಗನ ಕೈ ಹಿಡಿದು ಶಾಲೆಗೆ ಬಿಡಲು ಒಬ್ಬರು ಸಿಕ್ಕರಲ್ಲ. ಕರಡಿನಲ್ಲಿ ಇವು ಮೂರು ಬೇರೆ ಬೇರೆ ಸುದ್ದಿ, ಮೂರು ಬೇರೆ ಬೇರೆ ಪುಟ. ನಿಜವಾಗಿ ಇದು ಒಂದೇ ದಾರಿ.

ಕಷ್ಟವನ್ನು ಬಚ್ಚಿಟ್ಟಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೆಲಸ ಹೋದ ಸುದ್ದಿ ಅವರದು, ಹೇಳುವುದೋ ಬಿಡುವುದೋ ಅವರೇ ಹೇಳಬೇಕು. ಅವರು ಬೇಡ ಅಂದರೆ ಆ ವಾಕ್ಯವನ್ನೇ ತೆಗೆದುಬಿಡಿ, ಅಮೂಲ್ಯ ಅಂತ ಬಣ್ಣ ಬಳಿಯಬೇಡಿ. ಒಪ್ಪಿದರೆ ಸುಮ್ನೆ ನೇರವಾಗಿ ಬರೆಯಿರಿ. 'ಮಾರ್ಚ್‌ನಲ್ಲಿ ಕೆಲಸ ಹೋಯಿತು, ಐದು ತಿಂಗಳು ಕಷ್ಟ ಆಯಿತು.' ಅಷ್ಟು ಸಾಕು.

ನೇರವಾಗಿ ಬರೆಯಿರಿ ಅನ್ನುವುದಕ್ಕೆ ಮಕ್ಕಳ ಕಡೆಯಿಂದಲೂ ಒಂದು ಕಾರಣ ಇದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಮಕ್ಕಳಿಗೆ ಕೇಳಲು 20 ಪ್ರಶ್ನೆಗಳ ಪಟ್ಟಿ ಮಾಡಿದರು. ಅಪ್ಪ ಅಮ್ಮ ಮೊದಲು ಭೇಟಿಯಾದದ್ದು ಹೇಗೆ ಗೊತ್ತಾ? ಅಜ್ಜ ಅಜ್ಜಿ ಬೆಳೆದದ್ದು ಎಲ್ಲಿ ಗೊತ್ತಾ? ನೀನು ಹುಟ್ಟಿದ ಕತೆ ಗೊತ್ತಾ? ಇಂಥವೇ. ಮನೆಯ ಕತೆ ಹೆಚ್ಚು ಗೊತ್ತಿದ್ದ ಮಕ್ಕಳಿಗೆ ತಮ್ಮ ಮೇಲೆ ನಂಬಿಕೆಯೂ ಹೆಚ್ಚು ಇದ್ದದ್ದು ಅವರಿಗೆ ಕಂಡಿತು. ಉತ್ತರ ಬಾಯಿಪಾಠ ಮಾಡಿಸಿದರೆ ಮಕ್ಕಳು ಗಟ್ಟಿಯಾಗುತ್ತಾರೆ ಅಂತ ಇದರ ಅರ್ಥ ಅಲ್ಲ. ಕತೆ ಹೇಳುತ್ತ ಕೇಳುತ್ತ ಕೂರುವ ಮನೆಯಲ್ಲಿ ಬೇರೆ ಒಳ್ಳೆಯದೂ ನಡೆಯುತ್ತಿರುತ್ತದೆ. ನನಗೆ ಇಷ್ಟವಾದದ್ದು ಅವರ ಇನ್ನೊಂದು ಮಾತು. ಬರೀ ಏರುತ್ತಲೇ ಹೋದ ಕತೆಗಿಂತ, ಬರೀ ಬಿದ್ದ ಕತೆಗಿಂತ, ಎದ್ದು ಬಿದ್ದು ಮತ್ತೆ ಎದ್ದ ಕತೆ ಮಗುವಿಗೆ ಜಾಸ್ತಿ ಬಲ ಕೊಡುತ್ತದಂತೆ. ನಿಮ್ಮ ಮಗಳಿಗೆ ಆ ಐದು ತಿಂಗಳು ಚೆನ್ನಾಗಿಯೇ ಗೊತ್ತು. ಅವಳು ಅದೇ ಮನೆಯಲ್ಲಿ ಇದ್ದಳು. ಕಾಗದದಲ್ಲಿ ಅದು 'ಅಮೂಲ್ಯ ಸಮಯ' ಆಗಿ ಬಂದಾಗ ಅವಳಿಗೆ ಏನನಿಸಿರಬೇಡ?

ಈಗ ನೀವು ಚೀಟಿಯಲ್ಲಿ ಕೇಳಿದ ಇನ್ನೊಂದು ಪ್ರಶ್ನೆ. ಪ್ರಕಟಿಸಬೇಡಿ ಅಂದಿದ್ದಿರಿ, ಫೋನಿನಲ್ಲಿ 'ಹಾಕಿ ಪರವಾಗಿಲ್ಲ, ಎಷ್ಟೋ ಜನರಿಗೆ ಇದೇ ಇರುತ್ತೆ' ಅಂದಿರಿ. "ಆ ಐದು ತಿಂಗಳು ಮಕ್ಕಳನ್ನು ಎಬ್ಬಿಸಿ, ರೆಡಿ ಮಾಡಿ ಶಾಲೆಗೆ ಕಳಿಸಿದ್ದು ಅವರೇ. ಕಂಡವರೆಲ್ಲ ಅವರನ್ನು ಹೊಗಳಿದರು. 8 ವರ್ಷ ನಾನು ಮಾಡಿದಾಗ ಯಾರೂ ಒಂದು ಮಾತು ಅನ್ನಲಿಲ್ಲ. ಈಗ ನಾನೂ ಅವರಿಗೆ ಥ್ಯಾಂಕ್ಸ್ ಬರೆಯಬೇಕಾ?"

ಈ ಪ್ರಶ್ನೆಯಲ್ಲಿ ಕರಡಿನ 4 ಪುಟಕ್ಕಿಂತ ಹೆಚ್ಚು ಜೀವ ಇದೆ. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1980ರ ದಶಕದಲ್ಲಿ ಇಬ್ಬರೂ ಹೊರಗೆ ದುಡಿಯುವ ಗಂಡ ಹೆಂಡಿರ ಮನೆಗಳನ್ನು ಹತ್ತಿರದಿಂದ ನೋಡಿದವರು. ಮನೆಯೊಳಗೆ ಹಣದ ಲೆಕ್ಕದ ಜೊತೆ ಕೃತಜ್ಞತೆಯ ಲೆಕ್ಕವೂ ಒಂದು ನಡೆಯುತ್ತಿರುತ್ತದೆ ಅಂತ ಅವರು ಹೇಳಿದರು. ಒಬ್ಬರು ಉಡುಗೊರೆ ಅಂದುಕೊಂಡು ಕೊಟ್ಟದ್ದನ್ನು ಇನ್ನೊಬ್ಬರು 'ಅದು ನಿನ್ನ ಪಾಲಿನ ಕೆಲಸ ತಾನೆ' ಅಂದುಕೊಂಡು ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ. ಕೊಟ್ಟವರಿಗೆ ಬೇಜಾರು, ತೆಗೆದುಕೊಂಡವರಿಗೆ ಕಿರಿಕಿರಿ. ಜಗಳ ಮಾತ್ರ ಯಾವುದೋ ಟವೆಲ್ ಬಗ್ಗೆ.

ನನ್ನ ಉತ್ತರ: ಬರೆಯಿರಿ. ಆದರೆ 'ನನಗೆ ಸಹಾಯ ಮಾಡಿದರು' ಅಂತ ಬರೆಯಬೇಡಿ. ಸಹಾಯ ಅಂದರೆ ಕೆಲಸ ನಿಮ್ಮದು, ಅವರು ಬಂದು ಕೈ ಹಾಕಿದರು ಅಂತಾಗುತ್ತದೆ. ತಮ್ಮ ಮಕ್ಕಳ ತಲೆ ತಾವೇ ಬಾಚುವುದು ಯಾರಿಗೂ ಮಾಡುವ ಉಪಕಾರ ಅಲ್ಲ. ಹಾಗಂತ ಕೆಲಸ ಹೋದ ಬೆಳಗ್ಗೆಗಳಲ್ಲಿ, ಯಾರಿಗೂ ಮುಖ ತೋರಿಸಲು ಮನಸ್ಸಿಲ್ಲದಿದ್ದಾಗ, ಎದ್ದು ಮಗಳ ಜಡೆ ಸರಿಯಾಗಿ ಹೆಣೆಯಲು ಕಲಿತರಲ್ಲ, ಅದು ದೊಡ್ಡದು. ಚೀಟಿಯಲ್ಲಿ ನೀವೇ ಬರೆದಿದ್ದೀರಿ, ಮೊದಲ ವಾರ ಜಡೆ ಶಾಲೆ ಮುಟ್ಟುವ ಹೊತ್ತಿಗೆ ಬಿಚ್ಚಿಹೋಗುತ್ತಿತ್ತು ಅಂತ. ಆ ಬಿಚ್ಚಿದ ಜಡೆ ಕರಡಿನಲ್ಲಿ ಎಲ್ಲೂ ಇಲ್ಲ! ಅದನ್ನು ಬರೆದು, ಪಕ್ಕದಲ್ಲೇ 'ಇದನ್ನೇ ನಾನು 8 ವರ್ಷ ಮಾಡಿದ್ದೆ' ಅಂತಲೂ ಬರೆಯಿರಿ. ಅದು ಜಂಬ ಅಲ್ಲ, ಲೆಕ್ಕ. ಅವರಿಗೂ ಗೊತ್ತಿರುತ್ತದೆ. ಐದು ತಿಂಗಳು ಮಾಡಿದವರಿಗೆ 8 ವರ್ಷ ಅಂದರೆ ಎಷ್ಟು ಅನ್ನುವುದು ಬೇರೆ ಯಾರಿಗಿಂತ ಚೆನ್ನಾಗಿ ಅರ್ಥ ಆಗಿರುತ್ತದೆ.

ಜಂಬದ ಭಯ ನಿಮಗೆ ಸ್ವಲ್ಪ ಜಾಸ್ತಿಯೇ ಇದೆ ಅನಿಸುತ್ತದೆ. ಮಗಳ ಅಂಕ, ನಿಮ್ಮ ಕೆಲಸ, ಎಲ್ಲ ಇರಲಿ. ಒಳ್ಳೆಯ ಸುದ್ದಿ ಕೇಳಿ ಹೊಟ್ಟೆ ಉರಿಸಿಕೊಳ್ಳುವವರು ಯಾವ ಕಾಗದಕ್ಕೂ ಉರಿಸಿಕೊಳ್ಳುತ್ತಾರೆ, ಅವರನ್ನು ಬಿಡಿ. ಉಳಿದವರಿಗೆ ಕಿರಿಕಿರಿಯಾಗುವುದು ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಆಯಿತು ಅನ್ನುವ ಹಾಗೆ ಬರೆದಾಗ. 'ಆಫೀಸಿಗೆ ಬೇಗ ಹೊಂದಿಕೊಂಡೆ' ಅಂದಿದ್ದೀರಿ. 8 ವರ್ಷದಲ್ಲಿ ಕಂಪ್ಯೂಟರಿನ ಪರದೆಯೇ ಬದಲಾಗಿಹೋಗಿರುತ್ತದೆ. ಪಕ್ಕದ ಕುರ್ಚಿಯಲ್ಲಿ ಕೂತು ಯಾರೋ ಹೇಳಿಕೊಟ್ಟಿರಬೇಕಲ್ಲ? ಅವರು ಯಾರು?

ಇನ್ನು ನನ್ನ ಮನಸ್ಸಿನಲ್ಲಿ ಎರಡು ದಿನ ಕೂತಿದ್ದ ಒಂದು ವಾಕ್ಯ. ಮೂರನೇ ಪುಟದ ಕೊನೆಗೆ, ಮಾವನವರು ಬಂದ ವಿಷಯದಲ್ಲಿ: "ಅವರಿಗೆ ಮಗಳ ರೂಮು ಕೊಟ್ಟೆವು."

ಕೊಟ್ಟೆವು. ಯಾರು?

ಹೈಸ್ಕೂಲು ಶುರುವಾದ ವರ್ಷ, ಬಾಗಿಲು ಹಾಕಿಕೊಂಡು ಒಬ್ಬಳೇ ಇರಬೇಕು ಅನಿಸುವ ವಯಸ್ಸು. ಗೋಡೆಗೆ ಅಂಟಿಸಿದ್ದನ್ನೆಲ್ಲ ಕಿತ್ತು, ಪುಸ್ತಕ ಬಟ್ಟೆ ಹೊತ್ತು, ಹಲ್ಲು ಬೀಳುವ ತಮ್ಮನ ಕೋಣೆಗೆ ಹೋದವಳು ಅವಳು. ನೀವು ಹೇಳಿದಿರಿ, ಅವಳು ಹೋದಳು. ಗಲಾಟೆ ಮಾಡಿದಳೋ ಇಲ್ಲವೋ ಕರಡಿನಲ್ಲಿ ಇಲ್ಲ. ಅವಳ ಬಗ್ಗೆ ಇರುವುದು ಶೇಕಡಾ ಎಷ್ಟು ಬಂತು, ಯಾವ ಸ್ಪರ್ಧೆಯಲ್ಲಿ ಬಹುಮಾನ ಬಂತು, ಇಷ್ಟೇ. ಈ ವರ್ಷ ನಿಮ್ಮ ಮನೆಯಲ್ಲಿ ಯಾರು ಏನು ಬಿಟ್ಟುಕೊಟ್ಟರು ಅಂತ ಪಟ್ಟಿ ಮಾಡಿದರೆ ಮೊದಲ ಹೆಸರು ಅವಳದೇ ಇರಬಹುದು. 'ಬಯೋಡೇಟಾ ಥರ ಇದೆ' ಅಂದವಳೂ ಅವಳೇ ಅಲ್ವಾ? ಅವಳು ನಿಮ್ಮ ಬರವಣಿಗೆಗೆ ಅಂಕ ಕೊಡುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಅದರಲ್ಲಿ ತನ್ನ ರೂಮನ್ನು ಹುಡುಕುತ್ತಿದ್ದಳು.

ನಾನು ತಪ್ಪಿರಬಹುದು. ನಿಮ್ಮ ಮಗಳನ್ನು ನಾನು ನೋಡಿಲ್ಲ. ಅವಳನ್ನೇ ಕೇಳಿ.

ಕೇಳುವುದಕ್ಕಿಂತ ಬರೆದರೆ ಇನ್ನೂ ಒಳ್ಳೆಯದು. ನೆಂಟರ ಕಾಗದ ಪಕ್ಕಕ್ಕಿಡಿ, ಮೊದಲು ಅವಳಿಗೊಂದು ಕಾಗದ ಬರೆಯಿರಿ. ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಬರೆಯುವುದು ಮುಜುಗರ ಅನಿಸುತ್ತದೆ, ಗೊತ್ತು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮುಜುಗರದ ಬಗ್ಗೆಯೇ. ತಮಗೆ ಒಳ್ಳೆಯದು ಮಾಡಿದವರಿಗೆ ಕೃತಜ್ಞತೆಯ ಪತ್ರ ಬರೆಯಲು ಜನರಿಗೆ ಹೇಳಿದರು. ಓದಿದವರಿಗೆ ಏನನಿಸಬಹುದು ಅಂತ ಊಹಿಸಲೂ ಹೇಳಿದರು. ಆಮೇಲೆ ಪತ್ರ ಪಡೆದವರನ್ನೇ ಕೇಳಿದರು. ಬರೆದವರು ಅಂದುಕೊಂಡಷ್ಟು ಮುಜುಗರ ಅವರಿಗೆ ಆಗಿರಲಿಲ್ಲ. ಆದ ಸಂತೋಷ, ಆಶ್ಚರ್ಯ ಮಾತ್ರ ಊಹೆಗಿಂತ ದೊಡ್ಡದಿತ್ತು. ಬರೆಯುವವರ ತಲೆಯಲ್ಲಿ 'ನನ್ನ ಭಾಷೆ ಸರಿಯಾಗಿದೆಯಾ' ಅಂತ ಓಡುತ್ತಿರುತ್ತದೆ. ಓದುವವರು ಭಾಷೆಯನ್ನು ನೋಡುವುದೇ ಇಲ್ಲ. ಇದನ್ನು ಒಬ್ಬ ಸಂಪಾದಕ ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟವೇ.

ನಮ್ಮ ಭಾಷೆಯಲ್ಲಿ ಮನೆಯವರಿಗೆ ಧನ್ಯವಾದ ಅಂದರೆ ಯಾಕೋ ಸಭೆಯಲ್ಲಿ ವಂದನಾರ್ಪಣೆ ಮಾಡಿದ ಹಾಗಿರುತ್ತದೆ. ಥ್ಯಾಂಕ್ಸ್ ಅಂದರೆ ಹಗುರ. ಆದರೆ 'ನಿನ್ನನ್ನ ನೆನೆಸಿಕೊಂಡೆ' ಅಂತ ಎಷ್ಟು ಸಲೀಸಾಗಿ ಹೇಳುತ್ತೇವೆ! ಉಪಕಾರ ಮಾಡಿದವರನ್ನು ನೆನೆಯುತ್ತೇವೆ, ಅದೇ ನಮ್ಮ ಥ್ಯಾಂಕ್ಸ್. ಹಾಗಾಗಿ ಮಗಳಿಗೆ ಬರೆಯುವಾಗ ಆ ಪದಗಳ ಗೊಡವೆಯೇ ಬೇಡ. ಅವಳು ಗೋಡೆಯಿಂದ ಏನೇನು ಕಿತ್ತಳು ಅಂತ ನಿಮಗೆ ನೆನಪಿರುವುದನ್ನು ಬರೆಯಿರಿ, ಸಾಕು.

ಉಳಿದ ಎರಡು ಸಣ್ಣ ಪ್ರಶ್ನೆಗಳು. ಹೊಸ ವರ್ಷದಿಂದ ದಿನಾ ಕೃತಜ್ಞತೆಯ ಡೈರಿ ಬರೆಯಲೇ ಅಂದಿದ್ದೀರಿ. ವಾರಕ್ಕೊಂದು ದಿನ ಸಾಕು. ಸೋನ್ಯಾ ಲ್ಯೂಬೊಮಿರ್‌ಸ್ಕಿ ಮತ್ತು ಜೊತೆಗಾರರು 2005ರಲ್ಲಿ ಬರೆದ ಪ್ರಕಾರ, 6 ವಾರ ಇಂಥ ಪಟ್ಟಿ ಮಾಡಿದವರಲ್ಲಿ ವಾರಕ್ಕೊಮ್ಮೆ ಮಾಡಿದವರಿಗೆ ಸಂತೋಷ ಹೆಚ್ಚಿತು, ವಾರಕ್ಕೆ ಮೂರು ಸಲ ಮಾಡಿದವರಿಗೆ ಹೆಚ್ಚಲಿಲ್ಲ. ಜಾಸ್ತಿ ಆದರೆ ಅದೂ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಹಾಗೆ ಆಗಿಬಿಡುತ್ತದೆ, ಅಷ್ಟೇ.

ಎರಡನೆಯದು, ಕಾಗದದ ಜೊತೆ 60 ಫೋಟೋ ಕಳಿಸುವ ವಿಚಾರ. ಬೇಡ ಅಂತ ನನ್ನ ಸಲಹೆ. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ವಿದ್ಯಾರ್ಥಿಗಳನ್ನು ಒಂದು ಕಲಾ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ, ಕೆಲವು ವಸ್ತುಗಳ ಫೋಟೋ ತೆಗೆಯಲು, ಕೆಲವನ್ನು ಬರೀ ನೋಡಲು ಹೇಳಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಪೂರ್ತಿ ವಸ್ತುವಿನ ಫೋಟೋ ತೆಗೆದವರಿಗೆ ಅದು ಕಡಿಮೆ ನೆನಪಿತ್ತು, ಸುಮ್ಮನೆ ನೋಡಿದ್ದೇ ಚೆನ್ನಾಗಿ ನೆನಪಿತ್ತು. ಕ್ಯಾಮೆರಾ ಇಟ್ಟುಕೊಳ್ಳುತ್ತದೆ ಬಿಡು ಅಂತ ತಲೆ ಕೈ ಬಿಟ್ಟಿತೋ ಏನೋ. ಆದರೆ ವಸ್ತುವಿನ ಒಂದು ಭಾಗಕ್ಕೆ ಹತ್ತಿರ ಹೋಗಿ, ಅದಷ್ಟನ್ನೇ ದೊಡ್ಡದು ಮಾಡಿ ತೆಗೆದಾಗ ಹಾಗೆ ಆಗಲಿಲ್ಲ. ಚೌಕಟ್ಟಿನ ಹೊರಗೆ ಉಳಿದ ಭಾಗ ಕೂಡ ನೆನಪಿನಲ್ಲಿ ಉಳಿದಿತ್ತು. 60 ಫೋಟೋ ಬದಲು ಒಂದನ್ನೇ ಆರಿಸಿ. ಕರ್ಚೀಫಿನ ಫೋಟೋ ಇದ್ದರೆ ಅದೇ ಇರಲಿ.

ಕಾಗದವನ್ನು ನಾನೇ ತಿದ್ದಿ ಕೊಡಬಹುದೇ ಅಂತ ಕೇಳಿದ್ದೀರಿ. ಇಲ್ಲ. ಪೆನ್ಸಿಲ್ಲಿನಲ್ಲಿ ಬರೆದ ಆ ಸಾಲುಗಳಿಗಿಂತ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ. ಕಂಪ್ಯೂಟರ್ ಮುಂದೆ ಕೂರಬೇಡಿ, ಅದೇ ಪೆನ್ಸಿಲ್ ತೆಗೆದುಕೊಳ್ಳಿ. ಕರಡಿನ 4 ಹಾಳೆಯನ್ನೂ ತಿರುಗಿಸಿ, ಹಿಂದೆ ಬರೆಯಿರಿ. ಮುಂದೆ ಒಂದು ಮೈಲಿಗಲ್ಲಿದ್ದರೆ ಅದರ ಹಿಂದೆ, ಆ ಹೊತ್ತಿಗೆ ಪಕ್ಕದಲ್ಲಿ ಯಾರಿದ್ದರು, ಅವರ ಕೈಯಲ್ಲಿ ಏನಿತ್ತು ಅಂತ. ಎಲ್ಲದಕ್ಕೂ ಸಿಗುವುದಿಲ್ಲ. ಸಿಕ್ಕಷ್ಟೇ ಈ ವರ್ಷದ ಕಾಗದ. ಒಂದೂವರೆ ಪುಟ ಆದೀತು.

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಹಾಲುಹಲ್ಲು ಒಟ್ಟು 20 ಇರುತ್ತವೆ ಅಂತಲೂ ಹೇಳಿ. ಇನ್ನೂ 19 ಬಾಕಿ ಇವೆ. ಕರ್ಚೀಫು ಒಗೆದು ಜೇಬಿನಲ್ಲೇ ಇಟ್ಟುಕೊಂಡಿರಲಿ.

– ಸಂಪಾದಕ